ಜಡ್ಜ್ ಸಾಹೇಬರ ಹಗ್ಗವಿಲ್ಲದ ತೋಟ

ಹುಟ್ಟಿದ ಪ್ರತಿಯೊಂದು ಜೀವಕ್ಕೂ ತನ್ನ ಸಾವನ್ನು ತಾನೇ ಸಾಯುವ ಹಕ್ಕಿದೆ. ಈ ಘನವಾದ ವಾಕ್ಯವನ್ನು ನಾನು ನಮ್ಮ ಪಾರ್ಕಿನಲ್ಲಿ ನಡೆದ ಸಂತಾಪ ಸಭೆಗೆಂದು ತಿದ್ದಿ ತೀಡಿ ಸಿದ್ಧಮಾಡಿಕೊಂಡು ಹೋಗಿದ್ದೆ. ನನ್ನ ಸರದಿ ಬರುವ ಹೊತ್ತಿಗೆ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರು ಉಪ್ಪಿಟ್ಟು ಆರುತ್ತಿದೆ ಎಂದು ಕಣ್ಣಿನಲ್ಲೇ ಸೂಚಿಸಿದ್ದರಿಂದ 'ಅವರು ತುಂಬಾ ಒಳ್ಳೆಯವರು' ಎಂದಷ್ಟೇ ಹೇಳಿ ಕುಳಿತುಬಿಟ್ಟೆ. ಅದು ಪೂರ್ತಿ ನಿಜವೂ ಅಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ; ಇಲ್ಲಿ ಉಪ್ಪಿಟ್ಟಿನ ಅವಸರವಿಲ್ಲ.

ತೀರಿಕೊಂಡವರು ನಿವೃತ್ತ ಜಿಲ್ಲಾ ನ್ಯಾಯಾಧೀಶರು. ಜೆ.ಪಿ. ನಗರದ ನಮ್ಮ ರಸ್ತೆಯಲ್ಲಿ ಮೂಲೆ ಮನೆ. ಬಡಾವಣೆಗೆಲ್ಲ ಅವರು ಜಡ್ಜ್ ಸಾಹೇಬರು. ಹೆಸರನ್ನು ನಾನು ಬರೆಯುವುದಿಲ್ಲ. ಹೆಸರುಗಳ ವಿಷಯದಲ್ಲಿ ಅವರಿಗೇ ಒಂದು ತಕರಾರಿತ್ತು, ಅದು ಮುಂದೆ ಬರುತ್ತದೆ.

ಕಡ್ಡಿಯಂಥ ಮನುಷ್ಯ. ಚಳಿಯಿರಲಿ ಬಿಸಿಲಿರಲಿ, ಪಂಚೆಯ ಮೇಲೆ ಕೋರ್ಟಿನ ಹಳೆಯ ಕಪ್ಪು ಕೋಟನ್ನೇ ಹಾಕಿಕೊಂಡು ವಾಕಿಂಗ್ ಹೊರಡುತ್ತಿದ್ದರು. ಎದುರಿಗೆ ಬಂದವರು ತಮಗೇ ಗೊತ್ತಿಲ್ಲದ ಹಾಗೆ ಫುಟ್‌ಪಾತ್ ಬಿಟ್ಟು ಇಳಿಯುತ್ತಿದ್ದರು. ನೀವು ಏನು ಹೇಳಿದರೂ ಕೊನೆಯವರೆಗೂ ಕೇಳುವರು. ಕೇಳಿ, ಕನ್ನಡಕ ತೆಗೆದು, 'ಮುಂದೆ?' ಅನ್ನುವರು. ಮುಂದೆ ಏನೂ ಇಲ್ಲದವನಿಗೆ ತಾನು ಅಲ್ಲಿಯತನಕ ಹೇಳಿದ್ದೆಲ್ಲ ಸುಳ್ಳೇನೋ ಅನ್ನಿಸಿಬಿಡುತ್ತಿತ್ತು. ಹಾಲಿನವನು ಈ ಒಂದು ಪ್ರಶ್ನೆಗೇ ಹೆದರಿ ನೀರು ಬೆರೆಸುವುದನ್ನು ಒಪ್ಪಿಕೊಂಡನೆಂದು ನಮ್ಮ ರಸ್ತೆಯಲ್ಲಿ ಪ್ರತೀತಿ.

ಅವರು ಸರ್ವಿಸಿನಲ್ಲಿದ್ದಾಗ ಒಬ್ಬನಿಗೆ ಗಲ್ಲು ಬರೆದಿದ್ದರು ಎಂಬ ಮಾತೂ ಇತ್ತು. ಒಂದು ಸಲ ನಾನೇ ಕೇಳಿದೆ.

'ಬರೆದಿದ್ದೆ. ಮೇಲಿನ ಕೋರ್ಟು ಬದಲಾಯಿಸಿತು,' ಅಂದರು. ನನ್ನ ಕಡೆಗೆ ಕಾಫಿ ಲೋಟ ಸರಿಸುತ್ತ, 'ಅವರು ಬದಲಾಯಿಸಿದರು. ನಾನು ಬದಲಾಯಿಸಲಿಲ್ಲ,' ಎಂದು ಸೇರಿಸಿದರು. ನಾನು ಕಾಫಿ ಕುಡಿದು ಮನೆಗೆ ಬಂದೆ.

ತೊಂಬತ್ತರ ದಶಕದ ಆರಂಭ. ನಿವೃತ್ತರಾದವರೆಲ್ಲ ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸಿ ಬಾಡಿಗೆಗೆ ಬಿಡುತ್ತಿದ್ದ ಕಾಲ. ಇವರು ಪುಟ್ಟೇನಹಳ್ಳಿ ಕೆರೆಯ ಹಿಂದೆ ಒಂದು ಹೊಲ ಕೊಂಡು, ಕೆರೆಯ ಕಡೆಯೊಂದು ಬಿಟ್ಟು ಸುತ್ತ ಬೇಲಿ ಹಾಕಿಸಿ, ಪ್ರಾಣಿಗಳನ್ನು ತಂದು ಬಿಟ್ಟರು. ಆಗ ಅತ್ತ ಬಸ್ಸು ಹೋಗುತ್ತಿರಲಿಲ್ಲ. ಕೆರೆ, ರಾಗಿ ಹೊಲ, ಅಲ್ಲಲ್ಲಿ ಸೈಟಿನ ಕಲ್ಲು. ಸೈಟಿನ ಕಲ್ಲುಗಳನ್ನು ನಾವು ಯಾರೂ ಅಷ್ಟಾಗಿ ಗಮನಿಸಿರಲಿಲ್ಲ.

ಪ್ರಾಣಿಗಳು ಯಾಕೆ ಎಂದು ಕೇಳಿದವರಿಗೆ ಅವರು ಹೇಳುತ್ತಿದ್ದುದು ಒಂದೇ ಕಥೆ. ಯಾವುದೋ ತಾಲ್ಲೂಕಿನಲ್ಲಿ ಮುನ್ಸೀಫರಾಗಿದ್ದಾಗ ಒಂದು ಲಾರಿ ತುಂಬ ದನಗಳನ್ನು ಪೊಲೀಸರು ಹಿಡಿದಿದ್ದರು. ಕೇಸು ನಡೆಯಿತು. ಇವರು ಶ್ರಮಪಟ್ಟು ತೀರ್ಪು ಬರೆದು, ದನಗಳನ್ನು ಬಿಡುಗಡೆ ಮಾಡತಕ್ಕದ್ದು ಎಂದು ಆದೇಶಿಸಿದರು. ಆದೇಶ ಹಿಡಿದು ದೊಡ್ಡಿಗೆ ಹೋದ ಕೋರ್ಟಿನ ಅಮೀನ ವಾಪಸು ಬಂದು, ದನಗಳೆಲ್ಲ ಮೇವಿಲ್ಲದೆ ಎಂದೋ ಸತ್ತುಹೋಗಿವೆ ಎಂದು ವರದಿ ಕೊಟ್ಟ.

'ತೀರ್ಪು ಬಹಳ ಚೆನ್ನಾಗಿತ್ತು,' ಅನ್ನುವರು ಜಡ್ಜ್ ಸಾಹೇಬರು. 'ಯಾರೂ ಅಪೀಲು ಕೂಡ ಹೋಗಲಿಲ್ಲ.'

ನಾನು ವಿಮಾ ಕಚೇರಿಯಲ್ಲಿ ಗುಮಾಸ್ತ. ಸಾವನ್ನು ಕಂತುಗಳಲ್ಲಿ ನೋಡಿ ಅಭ್ಯಾಸವಾದವನು. ನನ್ನ ಬಳಿ ಸ್ಕೂಟರ್ ಇದ್ದ ಒಂದೇ ಕಾರಣಕ್ಕೆ ಅವರು ತೋಟಕ್ಕೆಂದು ಮಾಡಿದ ಟ್ರಸ್ಟಿಗೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಕಾರ್ಯದರ್ಶಿಯ ಕೆಲಸವೆಂದರೆ ಭಾನುವಾರ ಅವರನ್ನು ಹಿಂದೆ ಕೂರಿಸಿಕೊಂಡು ತೋಟಕ್ಕೆ ಹೋಗುವುದು, ಅವರ ಪಕ್ಕ ಹೊಂಗೆ ಮರದ ಕೆಳಗೆ ಕೂರುವುದು, ಪ್ರಾಣಿಗಳು ಏನೂ ಮಾಡದೆ ಇರುವುದನ್ನು ನೋಡುವುದು.

ತೋಟದ ಗೇಟಿಗೆ ಒಂದು ಬೋರ್ಡು. ಸಾರಕ್ಕಿಯಲ್ಲಿ ನಂಬರ್ ಪ್ಲೇಟ್ ಬರೆಯುವವನ ಕೈಬರಹ: 'ಹಗ್ಗವಿಲ್ಲ. ಹೆಸರಿಲ್ಲ. ಕೆಲಸವಿಲ್ಲ. ಮಾರಾಟವಿಲ್ಲ.' ದಾರಿಹೋಕನೊಬ್ಬ ಓದಿ, ಇದು ಯಾವ ಇಲಾಖೆಯ ಆಫೀಸು ಸಾರ್ ಎಂದು ಕೇಳಿದ್ದುಂಟು.

ಹಗ್ಗ, ಕೆಲಸ, ಮಾರಾಟ ಎಲ್ಲರಿಗೂ ಅರ್ಥವಾಗುತ್ತಿತ್ತು. ಹೆಸರು ಯಾಕೆ ಬೇಡ?

'ಹೆಸರಿಟ್ಟರೆ ಕರೀತೀರಿ. ಕರೆದರೆ ಅದು ಬರಬೇಕಾಗುತ್ತೆ. ಅದಕ್ಕೆ ಸಮನ್ಸ್ ಅಂತಾರೆ,' ಅಂದರು. 'ಇಲ್ಲಿ ಯಾರನ್ನೂ ಕರೆಯೋ ಹಾಗಿಲ್ಲ. ಅದಕ್ಕೆ ಇಷ್ಟ ಇದ್ದರೆ ಬರುತ್ತೆ.'

ಮೊದಲು ಬಂದದ್ದು ಕೋಳಿಗಳು. ಕನಕಪುರ ರಸ್ತೆಯಲ್ಲಿ ಮಗುಚಿದ ಫಾರಂ ಲಾರಿಯವು, ಲಾರಿಯವನು ಬಿಟ್ಟುಹೋದಂಥವು. ನೆಲ ಅಂದರೆ ಏನೆಂದು ಅವಕ್ಕೆ ಗೊತ್ತಿರಲಿಲ್ಲ. ಗೂಡಿನಲ್ಲಿ ಹೇಗೆ ಒತ್ತಿಕೊಂಡು ನಿಂತಿದ್ದವೋ ಹಾಗೇ ಬಯಲಿನ ಮಧ್ಯೆ ಒತ್ತಿಕೊಂಡು ನಿಂತವು. ಸುತ್ತ ಕಾಣದ ಗೂಡೊಂದು ಇದ್ದ ಹಾಗೆ. ಎಷ್ಟೋ ದಿನದ ಮೇಲೆ ಅವುಗಳಲ್ಲೊಂದು ಒಂದು ಕಾಲೆತ್ತಿ, ಯೋಚಿಸಿ, ಮಣ್ಣು ಕೆದರಿತು. ಸಾಹೇಬರು ನನ್ನ ಮೊಣಕೈ ಹಿಡಿದುಕೊಂಡು, 'ಅಪೀಲು ಮಂಜೂರಾಯ್ತು,' ಎಂದು ಪಿಸುಗುಟ್ಟಿದರು. ಅವರ ಕಣ್ಣು ಒದ್ದೆಯಾದದ್ದನ್ನು ನಾನು ಕಂಡದ್ದು ಅದೊಂದೇ ಸಲ ಎಂದು ಬರೆಯಬೇಕೆಂದಿದ್ದೆ. ಇನ್ನೊಂದು ಸಲವೂ ಕಂಡಿದ್ದೇನೆ.

ಆಮೇಲೆ ಹೆಗಲಲ್ಲಿ ನೊಗದ ಗಾಯ ಮಾಗಿದ ಒಂದು ಮುದಿ ಎತ್ತು ಬಂತು. ಹಾಲು ಕೊಡುವ ಜಾತಿಯಲ್ಲಿ ಗಂಡಾಗಿ ಹುಟ್ಟಿದ ತಪ್ಪಿಗೆ ಬೀದಿಗೆ ಬಿದ್ದ ಒಂದು ಜೆರ್ಸಿ ಕರು ಬಂತು. ನೋಡಿಕೊಳ್ಳಲು ಬಿಜಾಪುರದ ಕಡೆಯ ಮಲ್ಲಪ್ಪ ಬಂದ. ಬಿ.ಟಿ.ಎಂ. ಲೇಔಟಿನ ಬಾಡಿಗೆ ಕೋಣೆಯಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಕಟ್ಟುವುದಿಲ್ಲ, ಕರೆಯುವುದಿಲ್ಲ, ಹೊಡೆಯುವುದಿಲ್ಲ ಎಂದಾಗ, 'ಹಂಗಾದ್ರ ನನ್ನ ಯಾಕ ಇಟ್ಕೊಂಡೀರಿ ಸಾಹೇಬ್ರ?' ಎಂದು ಕೇಳಿದ. ಆ ಪ್ರಶ್ನೆ ಕೇಳಿದ ಕಾರಣಕ್ಕೇ ಸಾಹೇಬರು ಅವನನ್ನು ಖಾಯಂ ಮಾಡಿದರು.

ಕೊನೆಗೆ ಕೋಣ ಬಂತು.

ಬೇಗೂರಿನ ಆಚೆ ಒಂದು ಹಳ್ಳಿ. ಅಲ್ಲಿ ಕೆಲವು ವರ್ಷಗಳಿಗೊಮ್ಮೆ ಮಾರಮ್ಮನಿಗೆ ದೊಡ್ಡ ಹಬ್ಬ. ಕೋಣ ಕಡಿಯುವುದು ಕಾನೂನಿನಲ್ಲಿ ನಿಂತು ಎಷ್ಟೋ ಕಾಲವಾಗಿತ್ತು, ಊರಿನಲ್ಲಿ ನಿಂತಿರಲಿಲ್ಲ. ಆ ಸಲ ಯಾರೋ ದೂರು ಕೊಟ್ಟು, ಪೊಲೀಸರು ಹೋಗಿ ಎಳೆಯ ಕೋಣವೊಂದನ್ನು ಹಿಡಿದು ತಂದರು. ಕೇಸು ಮುಗಿಯುವ ತನಕ ಅದನ್ನು ಎಲ್ಲಿಡುವುದು? ಆಗಿನ ಮ್ಯಾಜಿಸ್ಟ್ರೇಟರು ಸಾಹೇಬರ ಕೈಕೆಳಗೆ ಕೆಲಸ ಕಲಿತವರು. ನಮ್ಮ ತೋಟಕ್ಕೆ ಕಳಿಸಿದರು. ಟೆಂಪೋದಿಂದ ಇಳಿದ ಕೋಣ ನಾಲ್ಕೂ ಕಾಲೂರಿ ನಿಂತು, ಕಪ್ಪು ಕೋಟಿನ ಸಾಹೇಬರನ್ನು ನೋಡಿತು. ಸಾಹೇಬರು ಕನ್ನಡಕ ತೆಗೆದು ಅದನ್ನು ನೋಡಿದರು. ಕೈದಿಯ ಪರವಾಗಿ ವಕೀಲರು ಯಾರೂ ಹಾಜರಿರಲಿಲ್ಲ.

ಊರಿನವರು ಆ ಹಬ್ಬವನ್ನು ಬೂದುಗುಂಬಳ ಒಡೆದು ಮುಗಿಸಿದರಂತೆ.

ಕೇಸು ನಿಲ್ಲಲಿಲ್ಲ. ಯಾವ ಸಾಕ್ಷಿಯೂ ಕೋಣವನ್ನು ಕಡಿಯಲು ತಂದದ್ದು ಎಂದು ಹೇಳಲಿಲ್ಲ. ಸಾಕಲು ತಂದದ್ದು ಎಂದರು. ಕೋಣವನ್ನು ಅದರ ಯಜಮಾನನಿಗೆ ಹಿಂದಿರುಗಿಸತಕ್ಕದ್ದು ಎಂದು ಆದೇಶವಾಯಿತು. ಯಜಮಾನ ಎಂದರೆ ಆ ಊರಿನ ಹಿರಿಯ, ಎಲ್ಲರೂ ಗೌಡ್ರು ಅನ್ನುತ್ತಿದ್ದವರು. ಅವರು ಮುಂದಿನ ಭಾನುವಾರ ಬಸ್ಸಿಳಿದು ಕೆರೆ ಏರಿಯ ಮೇಲೆ ನಡೆದು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಕಂಕುಳಲ್ಲಿ ಹಸಿ ಮೇವಿನ ಕಂತೆ. ಗೇಟಿನ ಹೊರಗೇ ಚಪ್ಪಲಿ ಬಿಟ್ಟರು. ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಒಳಗೆ ಬಂದು ಕೋಣವನ್ನು ಎಡದಿಂದ ಬಲಕ್ಕೆ ಒಂದು ಸುತ್ತು ಬಂದರು. ಕರೆದುಕೊಂಡು ಹೋಗುತ್ತಾರೆಂದು ಸಾಹೇಬರು ಕುರ್ಚಿಯಲ್ಲಿ ಬಿಗಿದುಕೊಂಡು ಕೂತಿದ್ದರು.

'ಇಲ್ಲೇ ಇರ್ಲಿ ಸ್ವಾಮಿ,' ಅಂದರು ಗೌಡರು. 'ನಿಮ್ಮ ಹತ್ರ ಇದ್ರೆ ನಮಗೂ ನೆಮ್ಮದಿ.'

ಬರಹದಲ್ಲಿಲ್ಲದ ಒಂದು ಮಾತನ್ನೂ ಇಡೀ ಆಯುಷ್ಯದಲ್ಲಿ ನಂಬದ ಮನುಷ್ಯ, ಅವತ್ತು ಎದ್ದು ನಿಂತು ಆ ಮುದುಕರ ಎರಡೂ ಕೈ ಹಿಡಿದುಕೊಂಡರು. 'ರಾಜಿ ಆಯ್ತು ನೋಡಿ,' ಎಂದು ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಹೇಳುತ್ತ ಬಂದರು.

ಕೋಣ ಬೆಳೆಯಿತು. ನಾನು ಕೋಣಗಳ ವಿಷಯದಲ್ಲಿ ಪಕ್ಷಪಾತವಿಲ್ಲದವನು. ಆದರೂ ಅಂಥ ಪ್ರಾಣಿಯನ್ನು ಆಮೇಲೆ ನೋಡಿಲ್ಲ. ಮಳೆಯಲ್ಲಿ ನೆನೆದ ಬಂಡೆಯ ಬಣ್ಣ. ಬೆನ್ನಿನ ಮೇಲೆ ಒಂದು ಗೀರಿಲ್ಲ, ಮೂಗಿನಲ್ಲಿ ತೂತಿಲ್ಲ. ಬೆಳಿಗ್ಗೆ ತಾನೇ ಎದ್ದು ಕೆರೆಗೆ ಹೋಗಿ ಕಣ್ಣು, ಕೊಂಬು ಮಾತ್ರ ಹೊರಗಿಟ್ಟು ಮುಳುಗಿರುವುದು. ಬಿಸಿಲೇರಿದ ಮೇಲೆ ಬಂದು, ಸಾಹೇಬರ ಎದೆಗೆ ಹಣೆ ಒತ್ತಿ ನಿಲ್ಲುವುದು. ಕರೆದವರು ಯಾರೂ ಇಲ್ಲ. ಅಷ್ಟು ಭಾರದ ತಲೆಗೆ ಈ ಕಡ್ಡಿ ಮನುಷ್ಯ ಹಿಂದಕ್ಕೆ ಬೀಳಬೇಕಿತ್ತು. ಕೋಣ ಅದನ್ನು ತಿಳಿದೇ ಅಳತೆಯಲ್ಲಿ ಒತ್ತುತ್ತಿತ್ತು.

ಅಷ್ಟರಲ್ಲಿ ಸೈಟಿನ ಕಲ್ಲುಗಳಿದ್ದಲ್ಲೆಲ್ಲ ಮನೆಗಳೆದ್ದವು. ಗೃಹಪ್ರವೇಶಕ್ಕೆ ಹಸು ಕರು ಸಿಗುತ್ತಾ ಎಂದು ಕೇಳಿಕೊಂಡು ಬಂದವರು, ಗೇಟಿನೊಳಗಿನ ಕೋಣ ನೋಡಿ ಎರಡು ಹೆಜ್ಜೆ ಹಿಂದೆ ಸರಿದು, ಬೇಡ ಬಿಡಿ ಅಂಕಲ್ ಅನ್ನುತ್ತಿದ್ದರು. ಯಮನ ವಾಹನ ಕಿಟಕಿಯಿಂದ ಕಾಣುತ್ತದೆಂದು ಒಬ್ಬರು ಕಿಟಕಿಯನ್ನೇ ಇಟ್ಟಿಗೆಯಿಂದ ಮುಚ್ಚಿಸಿದರು. ಇನ್ನೊಬ್ಬರು ಬೆಳಿಗ್ಗೆಯೇ ಬಂದು ನಿಂತರು.

'ಸಾರ್, ಇವತ್ತೊಂದಿನ ಕೋಣಾನ ಆ ಕಡೆ ಹೊಡೆಸ್ತೀರಾ? ನಮ್ಮ ಹುಡುಗೀನ ನೋಡೋಕೆ ಗಂಡಿನ ಕಡೆಯವರು ಬರ್ತಿದ್ದಾರೆ.'

'ಯಾಕೆ? ಗಂಡಿಗೆ ಹೋಲಿಕೆ ಸಿಕ್ಕಿಬಿಡುತ್ತೆ ಅಂತಾನಾ?' ಅಂದರು ಸಾಹೇಬರು.

ಗಲ್ಲು ಬರೆದ ಜಡ್ಜು, ಕಪ್ಪು ಕೋಟು, ಪಕ್ಕದಲ್ಲಿ ಕೋಣ. ಸಂಜೆ ಹೊತ್ತು ಕೆರೆ ಏರಿಯ ಮೇಲೆ ಅವರಿಬ್ಬರೂ ಒಟ್ಟಿಗೆ ಬರುವುದನ್ನು ಕಂಡು, ಹೃದಯದ ತೊಂದರೆಯಿದ್ದ ನಮ್ಮ ಅಧ್ಯಕ್ಷರು ವಾಕಿಂಗನ್ನು ಮಿನಿ ಫಾರೆಸ್ಟ್ ಪಾರ್ಕಿನ ಕಡೆಗೆ ಬದಲಾಯಿಸಿದರು.

ಗೌಡರು ಮಾತ್ರ ತಪ್ಪದೆ ಬರುತ್ತಿದ್ದರು. ಯುಗಾದಿ ಕಳೆದ ಮೇಲೆ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ. ಅದೇ ರೀತಿ ಚಪ್ಪಲಿ ಹೊರಗೆ, ಅದೇ ರೀತಿ ಒಂದು ಸುತ್ತು, ಕೈಯಲ್ಲಿ ಮೇವು. ಕೋರ್ಟಿನ ಗೌರವಕ್ಕೆ ಚಪ್ಪಲಿ ಬಿಡುತ್ತಾರೆಂದು ಸಾಹೇಬರು ತಿಳಿದಿದ್ದರು. ಗೌಡರ ಪ್ರಶ್ನೆಗಳೂ ಅವೇ.

'ಹಗ್ಗ ಹಾಕಿಲ್ಲ ತಾನೆ ಸ್ವಾಮಿ?'

'ಈ ತೋಟದಲ್ಲಿ ಹಗ್ಗವೇ ಇಲ್ಲ.'

'ಗಾಯ ಗೀಯ?'

'ಒಂದು ಗೀರು ತೋರಿಸಿ ನೋಡೋಣ.'

'ಕೆಲಸಕ್ಕೇನಾದ್ರೂ…'

'ಛೆ.'

ಗೌಡರು ತೃಪ್ತಿಯಿಂದ ತಲೆಯಾಡಿಸಿ ಬಸ್ಸಿಗೆ ಹೋಗುತ್ತಿದ್ದರು. ತೋಟ ನೋಡಲು ಬರುತ್ತಿದ್ದ ಜಯನಗರದ ಪ್ರಾಣಿಪ್ರಿಯರಿಗೆ ಸಾಹೇಬರು ಅವರನ್ನೇ ಉದಾಹರಣೆ ಕೊಡುವರು. 'ನಿಮಗೆಲ್ಲ ನಾನು ಎಷ್ಟು ಹೇಳಿದರೂ ಒಂದು ಹೆಸರಿಡೋಣ, ಕೊರಳಿಗೊಂದು ಗಂಟೆ ಕಟ್ಟೋಣ ಅಂತೀರಿ. ಸಹಜ ಬದುಕು ಅಂದರೆ ಏನು ಅಂತ ಅರ್ಥವಾಗಿರೋದು ಆ ಒಬ್ಬ ಹಳ್ಳಿಯವರಿಗೆ.'

ಮಲ್ಲಪ್ಪನಿಗೆ ಮಾತ್ರ ಸಮಾಧಾನವಿರಲಿಲ್ಲ. 'ಆ ಮುದುಕಪ್ಪ ಕೋಣನ ನೋಡೂ ರೀತಿ ನನಗ ಸೇರಂಗಿಲ್ರಿ,' ಅಂದ ನನ್ನ ಹತ್ತಿರ. ದನಗಳ್ಳನಿರಬೇಕೆಂದು ಅವನ ಅನುಮಾನ. ಗೇಟಿಗೆ ಬೀಗ ಹಾಕತೊಡಗಿದ. ಗೌಡರು ಬಂದ ದಿನ ಅವನೇ ಬೀಗ ತೆಗೆಯಬೇಕಾಗುತ್ತಿತ್ತು.

ಹೀಗೆ ಎರಡು ಸಾವಿರದ ಇಸವಿ ದಾಟಿತು. ಮುದಿ ಎತ್ತು ಒಂದು ಮಧ್ಯಾಹ್ನ ನೆರಳಲ್ಲಿ ಮಲಗಿದ್ದು ಏಳಲಿಲ್ಲ. ಸಾಹೇಬರು ಅದರ ಪಕ್ಕ ನೆಲದ ಮೇಲೆ ಕೂತು, 'ಮುದಿತನದಿಂದ ಸತ್ತ ಎತ್ತನ್ನ ನೀವು ನೋಡಿದ್ದೀರಾ? ನಾನು ನೋಡಿರಲಿಲ್ಲ,' ಅಂದರು. ಆಮೇಲೆ ಕೋಣದ ಕಡೆ ತಿರುಗಿ, 'ಇದೂ ಹೀಗೇ ಹೋಗಬೇಕು. ಅದಕ್ಕಿಂತ ಜಾಸ್ತಿ ನಾನೇನೂ ಕೇಳುತ್ತಿಲ್ಲ,' ಅಂದರು. ಯಾರನ್ನು ಕೇಳುತ್ತಿದ್ದರೋ ಗೊತ್ತಿಲ್ಲ. ದೇವರನ್ನು ಅವರು ನಂಬುತ್ತಿರಲಿಲ್ಲ. ಮೇಲಿನ ಕೋರ್ಟನ್ನಂತೂ ಇಲ್ಲವೇ ಇಲ್ಲ.

ಆ ವರ್ಷ ಗೌಡರು ಯುಗಾದಿಗೆ ಮೊದಲೇ ಬಂದರು. ಒಬ್ಬರೇ ಬರಲಿಲ್ಲ. ಇನ್ನಿಬ್ಬರು ಗೇಟಿನಾಚೆ ನಿಂತಿದ್ದರು, ಒಬ್ಬನ ಕೈಯಲ್ಲಿ ಬೇವಿನ ಸೊಪ್ಪು.

'ಬರೋ ತಿಂಗಳು ದೊಡ್ಡ ಹಬ್ಬ ಸ್ವಾಮಿ. ಕರ್ಕೊಂಡ್ ಹೋಗೋಕೆ ದಿನ ಹೇಳಿ ಹೋಗೋಣ ಅಂತ ಬಂದ್ವಿ.'

'ಯಾರನ್ನ?'

ಗೌಡರು ನಕ್ಕು ಕೋಣದ ಕಡೆ ನೋಡಿದರು. ಅದು ಕೆರೆಯಿಂದ ಆಗಷ್ಟೇ ಬಂದು ನೀರು ತೊಟ್ಟಿಕ್ಕಿಸುತ್ತ ನಿಂತಿತ್ತು.

'ಅಮ್ಮನ ಹೆಸರಿಗೆ ಬಿಟ್ಟ ಕೋಣ ಅಲ್ವಾ ಸ್ವಾಮಿ. ಹೋದ ಸಲ ಕುಂಬಳಕಾಯಿ ಒಡೆದ್ವಿ. ಅದಾದ ಮೇಲೆ ಊರಲ್ಲಿ ಏನೇನಾಯ್ತು ಅಂತ ನಾನು ಬಾಯಲ್ಲಿ ಹೇಳ್ಬಾರ್ದು. ಈ ಸಲ ತಪ್ಪೋ ಹಾಗಿಲ್ಲ.' ಆಮೇಲೆ ತುಂಬ ಪ್ರೀತಿಯಿಂದ ಹೇಳಿದರು: 'ನೀವು ಸಾಕಿದ ಹಂಗೆ ನಮ್ಮೂರಲ್ಲಿ ಯಾರೂ ಸಾಕಿರ್ಲಿಲ್ಲ. ಒಂದಿನ ಹಗ್ಗ ಹಾಕ್ಲಿಲ್ಲ, ಒಂದು ಕೆಲಸ ಹೇಳ್ಲಿಲ್ಲ, ಒಂದೇಟು ಹೊಡೀಲಿಲ್ಲ. ಅಮ್ಮನ ಕೋಣ ಹಿಂಗೇ ಬೆಳೀಬೇಕು ಅಂತ ನಮ್ಮ ತಾತ ಹೇಳೋರು. ನಾವು ಎಲ್ಲಿ ಮಾಡ್ತೀವಿ, ಗೊಬ್ಬರದ ಗಾಡಿಗೆ ಕಟ್ಟಿಬಿಡ್ತೀವಿ. ನಿಮ್ಮ ಬೋರ್ಡ್ ಓದಿದ ದಿನಾನೇ ಅನ್ಕಂಡೆ, ಇದು ಅಮ್ಮಾನೇ ತೋರಿಸಿದ ಜಾಗ ಅಂತ.'

ಸಾಹೇಬರು ಕನ್ನಡಕ ತೆಗೆದರು. 'ಮುಂದೆ?' ಅನ್ನಲಿಲ್ಲ.

ಗೌಡರು ಹೋದ ಮೇಲೆ ನಾವು ಮಾಡಬಹುದಾದದ್ದನ್ನೆಲ್ಲ ಮಾಡಿದೆವು. ಸ್ಟೇಷನ್ನಿನಲ್ಲಿ ಇನ್ಸ್‌ಪೆಕ್ಟರು ಸಾಹೇಬರಿಗೆ ಕುರ್ಚಿ ಹಾಕಿಸಿ, ಕಾಫಿ ತರಿಸಿ, 'ಪೂಜೆಗೆ ಮಾತ್ರ ಅಂತಾರೆ ಸಾರ್. ಕಡಿದ ಮೇಲೆ ಕಂಪ್ಲೇಂಟ್ ಕೊಡಿ, ಖಂಡಿತಾ ಆಕ್ಷನ್ ತಗೋತೀವಿ,' ಅಂದರು. ಸಾಹೇಬರ ಹಳೆಯ ಜೂನಿಯರ್ ವಕೀಲರು ಕಾಗದಗಳನ್ನು ತಿರುವಿ, ಕೋಣ ಗೌಡರದೆಂದು ಕೋರ್ಟೇ ಹೇಳಿದೆಯಲ್ಲ ಸಾರ್ ಎಂದರು. ನಾನು ಒಂದು ಸಲಹೆ ಕೊಟ್ಟೆ: ಲಾರಿ ಗೊತ್ತುಮಾಡಿ ದೂರ ಎಲ್ಲಾದರೂ ಸಾಗಿಸಿಬಿಡೋಣ.

'ಅದಕ್ಕೆ ಕಳವು ಅಂತಾರೆ,' ಅಂದರು ಸಾಹೇಬರು. 'ಅದಕ್ಕೆ ನಾನು ಎಷ್ಟು ಜನಕ್ಕೆ ಶಿಕ್ಷೆ ಕೊಟ್ಟಿದ್ದೀನಿ ಗೊತ್ತಾ ನಿಮಗೆ?'

'ಗೌಡ್ರ ಮೇಲೆ ಕೇಸು ಹಾಕೋಣ.'

'ಸಾಕ್ಷಿ ಯಾರು? ಕೋಣಾನಾ?'

ಕೊನೆಗೆ ಅವರೇ ನನ್ನ ಸ್ಕೂಟರಿನಲ್ಲಿ ಗೌಡರ ಊರಿಗೆ ಹೋದರು. ಗೌಡರ ಜಗಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, ಸಾಕ್ಷಿಯನ್ನು ವಿಚಾರಿಸುವ ಅದೇ ತಣ್ಣಗಿನ ದನಿಯಲ್ಲಿ ಕೇಳಿದರು.

'ಗೌಡ್ರೇ, ಎಂಥಾ ಕೋಣ ಅಮ್ಮನಿಗೆ ಆಗೋದಿಲ್ಲ?'

'ಮೂಗು ಚುಚ್ಚಿದ್ದು ಆಗಲ್ಲ. ನೊಗ ಹೊತ್ತಿದ್ದು, ಕೊಂಬು ಮುರಿದಿದ್ದು. ಮನುಷ್ಯ ಒಂದ್ಸಲ ಅದರ ಮೇಲೆ ಕೈ ಮಾಡ್ದ ಅಂದ್ರೆ ಅಮ್ಮ ಮುಟ್ಟಲ್ಲ.' ಹೇಳಿ ಮುಗಿಸಿದ ಮೇಲೆ ಗೌಡರಿಗೆ ಪ್ರಶ್ನೆಯ ಉದ್ದೇಶ ಹೊಳೆಯಿತೆಂದು ಕಾಣುತ್ತದೆ. ಸಾಹೇಬರ ಮುಖವನ್ನೇ ನೋಡಿದರು. ನೋಡಿ ನಿರಾಳವಾದರು. 'ನೀವು ಅಂಥಾದ್ದು ಮಾಡೋರಲ್ಲ ಬಿಡಿ ಸ್ವಾಮಿ,' ಅಂದರು. 'ನಾನು ನಿಮ್ಮನ್ನ ಇಷ್ಟು ವರ್ಷ ನೋಡಿದೀನಲ್ಲ.'

ವಾಪಸು ಬರುವಾಗ ನಾನು ಸ್ಕೂಟರಿನ ಕನ್ನಡಿಯಲ್ಲಿ ಸಾಹೇಬರನ್ನು ನೋಡಿದೆ. ಕೋಳಿ ಮಣ್ಣು ಕೆದರಿದ ದಿನದ ಕಣ್ಣೇ, ಸಂತೋಷ ಮಾತ್ರ ಇರಲಿಲ್ಲ.

ಅವರ ಶ್ರೀಮತಿಯವರು ತೋಟದ ವಿಷಯದಲ್ಲಿ ಮೂಗು ತೂರಿಸಿದವರಲ್ಲ. 'ಇವರಿಗೆ ಮನುಷ್ಯರ ಮೇಲೆ ನಂಬಿಕೆ ಹೋಗಿದೆ, ಕೋಣಕ್ಕೆ ಇವರ ಮೇಲೆ ನಂಬಿಕೆ ಬಂದಿದೆ. ನಡುವೆ ನಾನ್ಯಾಕೆ?' ಅನ್ನುತ್ತಿದ್ದವರು. ಗಂಡ ಊಟ ಬಿಟ್ಟು ಕೂತ ಮೇಲೆ ಅವರೂ ಬಾಯಿ ಬಿಟ್ಟರು. ನಾನು ಅಲ್ಲೇ ಇದ್ದೆ.

'ಒಂದು ತೂತು ತಾನೆ? ಚುಚ್ಚಿಸಿ ಬಿಡಿ, ಜೀವ ಉಳಿಯುತ್ತೆ. ನನ್ನ ಮೂಗಿಗೂ ಚುಚ್ಚಿದ್ದಾರೆ. ನಾನು ಬದುಕಿಲ್ವಾ?'

'ನಿನ್ನನ್ನ ಕೇಳಿ ಚುಚ್ಚಿದರಾ?'

ಆಕೆ ಮೂಗುತಿ ಮುಟ್ಟಿಕೊಂಡರು. 'ಇಲ್ಲ,' ಅಂದರು. ಎದ್ದು ಒಳಗೆ ಹೋದರು.

ಸಾಹೇಬರು ಮಾರನೆಯ ದಿನ ತೋಟದಲ್ಲಿ ಕೂತರು, ಅದರ ಮಾರನೆಯ ದಿನವೂ ಕೂತರು. ಕೋಣ ಬಂದು ಎದೆಗೆ ಹಣೆಯಿಟ್ಟು ನಿಲ್ಲುತ್ತಿತ್ತು. ತೀರ್ಪನ್ನು ಕಾದಿರಿಸಿ ಮುಂದೂಡುವುದು ಅವರ ವೃತ್ತಿಯ ಅಭ್ಯಾಸ; ಇಲ್ಲಿ ಮುಂದೂಡಿದರೂ ಅದು ಒಂದು ತೀರ್ಪೇ ಆಗುತ್ತದೆಂದು ನನಗೆ ಗೊತ್ತಿತ್ತು, ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೌಡರು ಹೇಳಿದ ದಿನದ ಹಿಂದಿನ ದಿನ ಬೆಳಿಗ್ಗೆ ನನ್ನ ಮನೆಗೆ ಬಂದು, ಒಳಗೂ ಬರದೆ, 'ಹಗ್ಗ ಬೇಕು. ಗಟ್ಟಿಯಾದ್ದು,' ಅಂದರು.

ಆ ತೋಟದೊಳಕ್ಕೆ ಮೊದಲ ಹಗ್ಗವನ್ನು ಹೊತ್ತು ತಂದವನು ನಾನು. ಸಾರಕ್ಕಿಯಲ್ಲಿ ಎತ್ತುಗಳಿಗೆ ಲಾಳ ಹೊಡೆಯುತ್ತಿದ್ದವನನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡು ತಂದೆ. ಅವನು ಕೋಣವನ್ನು ನೋಡಿದ್ದೇ ತನ್ನ ಚೀಲವನ್ನು ನೆಲಕ್ಕಿಟ್ಟ.

'ಇಷ್ಟು ಬೆಳೆದ ಮೇಲೆ ಮೂಗು ಚುಚ್ತಾರಾ ಸಾರ್? ಕರು ಇದ್ದಾಗ ಮಾಡ್ಬೇಕ್ರೀ. ಇದನ್ನ ಕೆಡವೋಕೆ ಹತ್ತು ಜನ ಬೇಕು.'

'ಕೆಡವೋದು ಬೇಡ,' ಅಂದರು ಸಾಹೇಬರು. 'ನಾನು ಹಿಡ್ಕೋತೀನಿ. ನನ್ನ ಹತ್ರ ಬರುತ್ತೆ.'

ಕೆರೆಯಿಂದ ಕೋಣ ಬಂತು. ಹೊಸಬನನ್ನು ಒಂದು ಸಲ ಮೂಸಿ ನೋಡಿ, ಹೊಂಗೆ ಮರದ ಕಡೆಗೆ ಬಂದು, ಕಪ್ಪು ಕೋಟಿನ ಎದೆಗೆ ಹಣೆ ಇಟ್ಟಿತು. ಸಾಹೇಬರು ಎರಡೂ ಕೈಯಿಂದ ಅದರ ತಲೆಯನ್ನು ತಬ್ಬಿ ಹಿಡಿದರು. ಮಲ್ಲಪ್ಪ ಹಗ್ಗವನ್ನು ಕೊರಳಿಗೆ ಹಾಕಿ ಮರಕ್ಕೆ ಸುತ್ತುವಾಗಲೂ ಅದು ಕದಲಲಿಲ್ಲ. ಲಾಳದವನು ಕೆಲಸ ಬಲ್ಲವನು, ಬೇಗ ಮುಗಿಸಿದ. ಕೋಣ ಮಾಡಿದ ಶಬ್ದವನ್ನು ಬರೆಯಲು ನನಗೆ ಬರುವುದಿಲ್ಲ. ಸುತ್ತಲ ಮನೆಗಳ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಇಟ್ಟಿಗೆಯಿಂದ ಮುಚ್ಚಿಸಿದ್ದೊಂದು ಬಿಟ್ಟು.

ಸಾಹೇಬರ ಎರಡು ಪಕ್ಕೆಲುಬು ಮುರಿದಿದ್ದವು. ಅದು ನಮಗೆ ಗೊತ್ತಾದದ್ದು ಸಂಜೆಗೆ.

ಮಾರನೆಯ ದಿನ ಗೌಡರು ಬಂದರು. ತಮಟೆಯವರು ಕೆರೆ ಏರಿಯ ಮೇಲೆ ನಿಂತಿದ್ದರು. ಗೌಡರು ಗೇಟಿನೊಳಗೆ ಬಂದು, ಮೂಗುದಾರ ಹಾಕಿ ಮರಕ್ಕೆ ಕಟ್ಟಿದ್ದ ಕೋಣವನ್ನು ನೋಡಿ, ನಿಂತಲ್ಲೇ ನಿಂತರು; ಈ ಸಲ ಸುತ್ತು ಬರಲಿಲ್ಲ.

'ಯಾರು ಮಾಡಿದ್ದು ಸ್ವಾಮಿ?'

'ನಾನು.'

'ನೋವಾಯ್ತಾ ಅದಕ್ಕೆ?'

'ಆಯ್ತು.'

'ನಮ್ಮ ಕಡೆ ಆಗಿದ್ರೆ ಗೊತ್ತೇ ಆಗ್ತಿರ್ಲಿಲ್ಲ. ಒಂದೇ ಏಟು.' ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು. 'ಇನ್ನು ಇದು ನಿಮ್ದೇ. ಕೆಲಸಕ್ಕೆ ಹಚ್ಚಿ,' ಎಂದು ಹೇಳಿ ಹೊರಟರು. ತಮಟೆ ಬಡಿಯದೆ ಅವರೆಲ್ಲ ಬಂದ ದಾರಿಯಲ್ಲೇ ಹೋದರು. ಗೌಡರು ಆ ಕಡೆಗೆ ಮತ್ತೆ ಬರಲಿಲ್ಲ.

ಗಾಯ ಮಾಗಿದ ಮೇಲೆ ಸಾಹೇಬರು ಹಗ್ಗ ಬಿಚ್ಚಿಸಿದರು. ಕೋಣ ಮೊದಲಿನ ಹಾಗೆಯೇ ಕೆರೆಗೆ ಹೋಗುತ್ತಿತ್ತು, ಮಲ್ಲಪ್ಪ ಹಾಕಿದ ಮೇವು ತಿನ್ನುತ್ತಿತ್ತು. ಕಪ್ಪು ಕೋಟು ಗೇಟಿನಲ್ಲಿ ಕಂಡರೆ ಮಾತ್ರ ಎದ್ದು ತೋಟದ ಆ ತುದಿಗೆ ಹೋಗಿ, ಬೆನ್ನು ಹಾಕಿ ನಿಲ್ಲುತ್ತಿತ್ತು. ಸಾಹೇಬರು ಕೋಟು ಬಿಟ್ಟು ಬಂದು ನೋಡಿದರು. ಆಗಲೂ ಹೋಯಿತು. ಅವರು ಕುರ್ಚಿಯನ್ನು ಹೊಂಗೆ ಮರದಿಂದ ಗೇಟಿನ ಪಕ್ಕಕ್ಕೆ ಹಾಕಿಸಿಕೊಂಡು, ಅಷ್ಟು ದೂರದಿಂದಲೇ ಅದನ್ನು ನೋಡುತ್ತ ಕೂರುತ್ತಿದ್ದರು. ಒಂದು ದಿನವೂ ಕರೆಯಲಿಲ್ಲ. ಬೋರ್ಡಿನ 'ಹಗ್ಗವಿಲ್ಲ' ಎಂಬ ಮೊದಲ ಸಾಲಿಗೆ ಅವರೇ ಸುಣ್ಣ ಬಳಿದರು.

ಅವರು ಹಾಸಿಗೆ ಹಿಡಿದ ಹೊತ್ತಿಗೆ ತೋಟದ ಮೂರು ಕಡೆಯೂ ಅಪಾರ್ಟ್‌ಮೆಂಟುಗಳು ಎದ್ದಿದ್ದವು. ಪ್ರಾಣಿಗಳನ್ನು ಆನೇಕಲ್ ಕಡೆಯ ಒಂದು ತೋಟಕ್ಕೆ ಸಾಗಿಸಿದೆವು. ಮಲ್ಲಪ್ಪ ಹೆಂಡತಿಯ ಜೊತೆ ಅಲ್ಲಿಗೇ ಹೋದ. ಕೋಣ ಲಾರಿ ಹತ್ತಿತು ಎಂದು ಸಾಹೇಬರಿಗೆ ಹೇಳಿದೆ. ತಲೆಯಾಡಿಸಿದರು. ಆಮೇಲೆ, ಇಷ್ಟು ವರ್ಷ ಒಂದು ಸಲವೂ ಕೇಳದಿದ್ದದ್ದನ್ನು ಕೇಳಿದರು.

'ಆ ಸಲದ ಹಬ್ಬಕ್ಕೆ ಅವರು ಏನು ಮಾಡಿದರು? ನಿಮಗೆ ಗೊತ್ತಿರಬೇಕಲ್ಲ.'

ಗೊತ್ತಿತ್ತು. ಹಬ್ಬವಾದ ವಾರದಲ್ಲೇ ಒಂದು ಕ್ಲೇಮಿನ ಕೆಲಸಕ್ಕೆ ಬೇಗೂರಿನ ಕಡೆ ಹೋಗಿದ್ದಾಗ ವಿಚಾರಿಸಿಕೊಂಡು ಬಂದಿದ್ದೆ.

'ಹೇಳಿ,' ಅಂದರು.

ಹೇಳಿದೆ. ಊರಿನವರು ಪಕ್ಕದ ಹಳ್ಳಿಯಿಂದ ಬೇರೊಂದು ಕೋಣ ತಂದಿದ್ದರು.